ಸಹಿ ಹಾಕದ ಮಿತ್ರ: ಕೊರಿಯಾ ಕದನವಿರಾಮದ ಹಿಂದಿನ ಸಂಧಾನ

ನಮ್ಮ ಕಾಸರಗೋಡು ಸೀಮೆಯ ತಾಳಮದ್ದಳೆಯ ರಸಿಕರಿಗೆ ‘ಕೃಷ್ಣ ಸಂಧಾನ’ದ ಪ್ರಸಂಗವನ್ನು ಪರಿಚಯಿಸಬೇಕಾಗಿಲ್ಲ. ಕೌರವನ ಸಭೆಯಲ್ಲಿ ಕೃಷ್ಣನು ಆಡುವ ಮಾತಿಗಾಗಿ ಇರುಳಿಡೀ ಕಾದು ಕುಳಿತುಕೊಳ್ಳುವವರು ನಾವು. ಆದರೆ ಆ ಸಭೆಗೆ ಹೊರಡುವ ಮೊದಲು ಕೃಷ್ಣನು ಪಾಂಡವರ ಬೀಡಿನಲ್ಲಿಯೇ ಇನ್ನೊಂದು ಸಂಧಾನವನ್ನು ಮಾಡಬೇಕಾಯಿತು ಎಂಬುದು ಅಷ್ಟಾಗಿ ನಮ್ಮ ನೆನಪಿಗೆ ಬರುವುದಿಲ್ಲ. ಐದು ಗ್ರಾಮಗಳಾದರೂ ಸಾಕೆಂದು ಧರ್ಮರಾಯನು ಸಮಾಧಾನಕ್ಕೆ ಮನಮಾಡಿದಾಗ, ಬಿಚ್ಚಿದ ಮುಡಿಯನ್ನು ಮುಂದೆ ಹಿಡಿದು ನಿಂತವಳು ದ್ರೌಪದಿ. ನೀವು ಮಾಡಿಕೊಳ್ಳುವ ಸಂಧಿಯಲ್ಲಿ ನನ್ನ ದುಃಖಕ್ಕೆ ಏನು ಪರಿಹಾರವಿದೆ ಎಂಬುದೇ ಅವಳ ಪ್ರಶ್ನೆಯಾಗಿತ್ತು. ಶತ್ರುವನ್ನು ಒಪ್ಪಿಸಲು ಹೊರಟ ರಾಯಭಾರಿಗೆ ಮೊದಲು ತನ್ನವರಿಗೇ ಉತ್ತರ ಹೇಳಬೇಕಾದ ಪ್ರಸಂಗವದು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂತಹುದೇ ಒಂದು ಸಂಕಟವು ದೂರದ ಕೊರಿಯಾದಲ್ಲಿ ಎದುರಾಯಿತು. ಯುದ್ಧವನ್ನು ನಿಲ್ಲಿಸಲು ಎರಡು ವರ್ಷಗಳ ಕಾಲ ಶತ್ರುಗಳೊಡನೆ ಚರ್ಚೆ ನಡೆಸಿದ ಅಮೆರಿಕಕ್ಕೆ, ಕೊನೆಯ ಗಳಿಗೆಯಲ್ಲಿ ಅಡ್ಡ ನಿಂತವನು ಶತ್ರುವಲ್ಲ, ತಾನೇ ಕಾಪಾಡಲು ಬಂದಿದ್ದ ಮಿತ್ರ. ಶಾಲೆಯ ಚರಿತ್ರೆಯ ಪಾಠದಲ್ಲಿ ‘1953ರಲ್ಲಿ ಕೊರಿಯಾದಲ್ಲಿ ಕದನವಿರಾಮವಾಯಿತು’ ಎಂಬ ಒಂದು ವಾಕ್ಯವನ್ನು ನಾವು ಹೇಳಿ ಮುಂದೆ ಸಾಗುತ್ತೇವೆ. ಆ ಒಂದು ವಾಕ್ಯದ ಹಿಂದೆ ಅಡಗಿರುವ ಪ್ರಯತ್ನವೆಷ್ಟು, ಅದರಲ್ಲಿ ನಮ್ಮ ನೆರೆಯ ಕೊಡಗಿನ ವೀರನೊಬ್ಬನ ಪಾತ್ರವೇನು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ನಾಡು, ಎರಡು ಸರಕಾರ

ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತಾಗ, 1945ರ ಆಗಸ್ಟಿನಲ್ಲಿ, ಆ ನಾಡನ್ನು 38ನೆಯ ಅಕ್ಷಾಂಶದ ಗೆರೆಯಲ್ಲಿ ಎರಡಾಗಿ ಹಂಚಲಾಯಿತು. ಉತ್ತರದಲ್ಲಿ ಸೋವಿಯತ್ ಸೈನ್ಯ, ದಕ್ಷಿಣದಲ್ಲಿ ಅಮೆರಿಕದ ಸೈನ್ಯ. ಇದು ತಾತ್ಕಾಲಿಕ ಏರ್ಪಾಡೆಂದೇ ಅಂದು ಹೇಳಿದ್ದರು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಎರಡು ಸರಕಾರಗಳು ಹುಟ್ಟಿಕೊಂಡವು. 1948ರ ಆಗಸ್ಟ್ 15ರಂದು ದಕ್ಷಿಣದಲ್ಲಿ ಸಿಂಗ್ಮನ್ ರೀ ಅವರ ಅಧ್ಯಕ್ಷತೆಯಲ್ಲಿ ಒಂದು ಗಣರಾಜ್ಯ, ಅದೇ ವರ್ಷದ ಸೆಪ್ಟೆಂಬರ್ 9ರಂದು ಉತ್ತರದಲ್ಲಿ ಕಿಮ್ ಇಲ್ ಸುಂಗ್ ಅವರ ಮುಂದಾಳುತನದಲ್ಲಿ ಕಮ್ಯುನಿಸ್ಟ್ ಗಣರಾಜ್ಯ. ಇಡೀ ಕೊರಿಯಾ ತನ್ನದೇ ಎಂದು ಎರಡೂ ಸರಕಾರಗಳು ಸಾರಿದವು.

1950ರ ಜೂನ್ 25ರಂದು ಉತ್ತರದ ಸೈನ್ಯವು ಗೆರೆ ದಾಟಿತು. ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ ಅಮೆರಿಕ ಮತ್ತು ಇತರ ರಾಷ್ಟ್ರಗಳು ದಕ್ಷಿಣದ ನೆರವಿಗೆ ಬಂದವು. ಅದೇ ವರ್ಷದ ಕೊನೆಯಲ್ಲಿ ಚೀನದ ಸೈನ್ಯವು ಉತ್ತರದ ಪರವಾಗಿ ರಣರಂಗಕ್ಕಿಳಿಯಿತು. ಒಂದು ವರ್ಷ ತುಂಬುವುದರೊಳಗೆ ರಾಜಧಾನಿ ಸಿಯೋಲ್ ನಾಲ್ಕು ಬಾರಿ ಕೈಬದಲಾಯಿತು. ಕೊನೆಗೆ ಎರಡೂ ಸೈನ್ಯಗಳು ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದು ನಿಂತವು. ಗೆಲ್ಲುವುದು ಇಬ್ಬರಿಗೂ ಸಾಧ್ಯವಿಲ್ಲವೆಂಬುದು ಸ್ಪಷ್ಟವಾದ ಮೇಲೆ, 1951ರ ಜುಲೈ 10ರಂದು ಕೇಸಾಂಗ್ ಪಟ್ಟಣದಲ್ಲಿ ಮಾತುಕತೆ ಮೊದಲಾಯಿತು. ಅಕ್ಟೋಬರಿನಲ್ಲಿ ಅದು ಪನ್‌ಮುಂಜೊಮ್ ಎಂಬ ಕುಗ್ರಾಮಕ್ಕೆ ವರ್ಗವಾಯಿತು.

ಅಲ್ಲಿಂದ ಮುಂದೆ ಎರಡು ವರ್ಷ, ಒಂದೆಡೆ ಮೇಜಿನ ಮುಂದೆ ಮಾತು, ಇನ್ನೊಂದೆಡೆ ಗುಡ್ಡಗಳಿಗಾಗಿ ಕಾದಾಟ. ಅಮೆರಿಕವು ಅನುಭವಿಸಿದ ಸಾವುನೋವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತುಕತೆ ಆರಂಭವಾದ ಮೇಲೆಯೇ ಸಂಭವಿಸಿದವು. ಯುದ್ಧದ ಗೆರೆಯ ಬಗ್ಗೆ ಒಪ್ಪಂದವಾದರೂ ಯುದ್ಧಕೈದಿಗಳ ಪ್ರಶ್ನೆ ಬಿಡಿಸಲಾಗದ ಗಂಟಾಯಿತು. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಒಂದು ಲಕ್ಷಕ್ಕೂ ಮೀರಿದ ಕೈದಿಗಳಲ್ಲಿ ಅನೇಕರು ತಮ್ಮ ನಾಡಿಗೆ ಮರಳಲು ಒಪ್ಪಲಿಲ್ಲ. ಎಲ್ಲರನ್ನೂ ಹಿಂದಿರುಗಿಸಲೇಬೇಕೆಂದು ಚೀನ ಮತ್ತು ಉತ್ತರ ಕೊರಿಯ ಹಟ ಹಿಡಿದವು. ಒಲ್ಲದವರನ್ನು ಬಲವಂತವಾಗಿ ಕಳುಹಿಸುವುದಿಲ್ಲವೆಂದು ಅಮೆರಿಕ ಹೇಳಿತು.

ಈ ಗಂಟನ್ನು ಸಡಿಲಿಸುವ ದಾರಿಯನ್ನು ತೋರಿಸಿದ್ದು ಭಾರತ. ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದರ ವಶಕ್ಕೆ ಒಪ್ಪಿಸಿ, ಅವರ ಇಚ್ಛೆಯನ್ನು ಅಲ್ಲಿಯೇ ತಿಳಿಯಬೇಕೆಂಬ ಗೊತ್ತುವಳಿಯನ್ನು ವಿ. ಕೆ. ಕೃಷ್ಣ ಮೆನನ್ ಅವರು ವಿಶ್ವಸಂಸ್ಥೆಯಲ್ಲಿ ಮಂಡಿಸಿದರು. 1952ರ ಡಿಸೆಂಬರ್ 3ರಂದು ಮಹಾಸಭೆಯು ಅದನ್ನು ಅಂಗೀಕರಿಸಿತು. ಮೊದಲಿಗೆ ಸೋವಿಯತ್ ಒಕ್ಕೂಟ ಮತ್ತು ಚೀನ ಎರಡೂ ಅದನ್ನು ತಳ್ಳಿಹಾಕಿದವು. 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. ಅದೇ ವರ್ಷದ ಜೂನ್ 8ರಂದು ಕೈದಿಗಳ ವಿಷಯದಲ್ಲಿ ಆದ ಒಪ್ಪಂದವು ಬಹುಮಟ್ಟಿಗೆ ಭಾರತದ ಸೂಚನೆಯ ಜಾಡಿನಲ್ಲಿಯೇ ಇತ್ತು. ಇನ್ನೇನು, ಸಹಿಯೊಂದೇ ಬಾಕಿ ಎಂದು ಜಗತ್ತು ಎಣಿಸಿತು.

ಅಪನಂಬಿಕೆಯ ಬೇರು

ಆದರೆ ಸಿಯೋಲಿನಲ್ಲಿದ್ದ 78 ವರ್ಷದ ಅಧ್ಯಕ್ಷರು ಒಪ್ಪಲಿಲ್ಲ. ಸಿಂಗ್ಮನ್ ರೀ ಅವರದು ಒಂದೇ ಮಾತು: ದೇಶವನ್ನು ಎರಡಾಗಿ ಉಳಿಸುವ ಕದನವಿರಾಮ ಕೊರಿಯಾದ ಪಾಲಿಗೆ ಮರಣಶಾಸನ, ಚೀನದ ಸೈನ್ಯವು ಕೊರಿಯಾದ ನೆಲದಲ್ಲಿ ಇರುವವರೆಗೂ ಯುದ್ಧ ನಿಲ್ಲಬಾರದು, ಬೇಕಾದರೆ ನಾವೊಬ್ಬರೇ ಉತ್ತರಕ್ಕೆ ನುಗ್ಗುತ್ತೇವೆ. ಮಾತುಕತೆಯಲ್ಲಿ ದಕ್ಷಿಣ ಕೊರಿಯಾದ ಪರವಾಗಿ ಕುಳಿತಿದ್ದ ಸೇನಾಧಿಕಾರಿಯು 1953ರ ಮೇ 25ರ ನಂತರ ಪನ್‌ಮುಂಜೊಮಿಗೆ ಬರುವುದನ್ನೇ ನಿಲ್ಲಿಸಿದರು. ಸಿಯೋಲಿನ ಬೀದಿಗಳಲ್ಲಿ ಕದನವಿರಾಮದ ವಿರುದ್ಧ ಮೆರವಣಿಗೆಗಳು ಹೊರಟವು.

ಇದು ಬರಿಯ ಮುದುಕನ ಹಟವೆಂದು ತಳ್ಳಿಹಾಕಿದವರು ಅಂದೂ ಇದ್ದರು, ಇಂದೂ ಇದ್ದಾರೆ. ರೀ ಅವರು ಸಾತ್ತ್ವಿಕ ಪ್ರಜಾಪ್ರಭುತ್ವವಾದಿಗಳೇನೂ ಅಲ್ಲ. 1952ರಲ್ಲಿ ಯುದ್ಧದ ನಡುವೆಯೇ ಸೈನಿಕ ಶಾಸನವನ್ನು ಹೇರಿ, ತಮ್ಮನ್ನು ವಿರೋಧಿಸಿದ ಶಾಸನಸಭೆಯ ಸದಸ್ಯರನ್ನು ಬಂಧಿಸಿ, ಸಂವಿಧಾನವನ್ನೇ ತಿದ್ದಿಸಿಕೊಂಡವರು ಅವರು. ಆದರೂ ಅವರ ಅಪನಂಬಿಕೆಗೆ ಒಂದು ಬೇರಿತ್ತು. ಆ ಬೇರು ಬಹಳ ಆಳದಲ್ಲಿತ್ತು.

1905ರ ಆಗಸ್ಟಿನಲ್ಲಿ, ಮೂವತ್ತು ವರ್ಷದ ತರುಣ ರೀ ಅವರು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರನ್ನು ಕಂಡು, ಜಪಾನಿನ ಹಿಡಿತದಿಂದ ಕೊರಿಯಾವನ್ನು ಕಾಪಾಡಬೇಕೆಂದು ಮನವಿ ಸಲ್ಲಿಸಿದ್ದರು. ಕೊರಿಯಾಕ್ಕೆ ಅನ್ಯಾಯವಾದಾಗ ನಡುವೆ ನಿಂತು ಸಹಾಯ ಮಾಡುವೆವೆಂಬ ಮಾತು 1882ರ ಅಮೆರಿಕ–ಕೊರಿಯಾ ಒಪ್ಪಂದದಲ್ಲಿಯೇ ಇತ್ತು. ರೂಸ್‌ವೆಲ್ಟರು ಸೌಜನ್ಯದಿಂದ ಮಾತನಾಡಿಸಿ, ಮನವಿಯನ್ನು ರಾಯಭಾರ ಕಚೇರಿಯ ಮೂಲಕ ಕಳುಹಿಸಬೇಕೆಂದು ಸೂಚಿಸಿ ಬೀಳ್ಕೊಟ್ಟರು. ಆದರೆ ಅದಕ್ಕೆ ಕೆಲವೇ ದಿನಗಳ ಹಿಂದೆ, ಜುಲೈಯಲ್ಲಿ, ಟೋಕಿಯೋ ನಗರದಲ್ಲಿ ಅಮೆರಿಕದ ಯುದ್ಧಮಂತ್ರಿಗಳು ಜಪಾನಿನ ಪ್ರಧಾನಿಯೊಡನೆ ಮಾತನಾಡಿ, ಕೊರಿಯಾದ ಮೇಲೆ ಜಪಾನಿನ ಹಿಡಿತಕ್ಕೆ ಸಮ್ಮತಿಯನ್ನು ಸೂಚಿಸಿಯಾಗಿತ್ತು. ಆ ಗುಟ್ಟು 1924ರವರೆಗೆ ಹೊರಬೀಳಲಿಲ್ಲ. ಕೊರಿಯಾ ಜಪಾನಿನ ಪಾಲಾಯಿತು. ರೀ ಅವರು ತಮ್ಮ ಬಾಳಿನ ಬಹುಭಾಗವನ್ನು ಅಮೆರಿಕದಲ್ಲಿ ದೇಶಭ್ರಷ್ಟರಾಗಿ ಕಳೆದರು.

ಮುಂದೆ 1945ರಲ್ಲಿ ಕೊರಿಯದವರನ್ನು ಕೇಳದೆಯೇ ನಾಡಿನ ನಡುವೆ ಗೆರೆ ಎಳೆಯಲಾಯಿತು. 1949ರಲ್ಲಿ ಅಮೆರಿಕದ ಸೈನ್ಯ ಮರಳಿ ಹೋಯಿತು. 1950ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಚೆಸನ್ ಅವರು ತಮ್ಮ ದೇಶದ ರಕ್ಷಣಾವಲಯವನ್ನು ವಿವರಿಸಿದಾಗ ಅದರೊಳಗೆ ಕೊರಿಯಾದ ಹೆಸರಿರಲಿಲ್ಲ. ಐದು ತಿಂಗಳು ಕಳೆಯುವಷ್ಟರಲ್ಲಿ ಉತ್ತರದ ಟ್ಯಾಂಕುಗಳು ಸಿಯೋಲಿನ ಬಾಗಿಲಿಗೆ ಬಂದಿದ್ದವು. ಹೀಗೆ ಮತ್ತೆ ಮತ್ತೆ ಕೈಬಿಡಲ್ಪಟ್ಟವನು ‘ಈ ಸಲ ನಂಬು’ ಎಂಬ ಮಾತಿಗೆ ಒಡನೆಯೇ ತಲೆದೂಗುವನೇ? ಕದನವಿರಾಮವಾದ ಮರುದಿನ ಅಮೆರಿಕದ ಹಡಗುಗಳು ಹೊರಟುಹೋದರೆ ತನ್ನ ಗತಿ ಏನು ಎಂಬುದೇ ರೀ ಅವರ ನಿಜವಾದ ಭಯ. ಉತ್ತರಕ್ಕೆ ನುಗ್ಗುವ ಗರ್ಜನೆಯ ಒಳಗೆ ಅಡಗಿದ್ದುದು ಈ ಭಯವೇ.

ಬೆದರಿಕೆಯೋ, ಭರವಸೆಯೋ?

ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಯುದ್ಧವನ್ನು ಮುಗಿಸಲೇಬೇಕಾಗಿತ್ತು. ಕೊರಿಯಾಕ್ಕೆ ತಾನೇ ಹೋಗಿ ನೋಡುವೆನೆಂದು ಚುನಾವಣೆಯಲ್ಲಿ ಮಾತುಕೊಟ್ಟಿದ್ದ ಅವರು 1952ರ ಡಿಸೆಂಬರಿನಲ್ಲಿ ಬಂದು ಹೋಗಿದ್ದರು. ಈಗ ಮಿತ್ರನನ್ನು ದಾರಿಗೆ ತರಲು ಅವರ ಮುಂದೆ ಎರಡು ಮಾರ್ಗಗಳಿದ್ದವು.

ಮೊದಲನೆಯದು ಬಲದ ಮಾರ್ಗ. ದಕ್ಷಿಣ ಕೊರಿಯಾದ ಸೈನ್ಯವು ಅಡ್ಡಿಮಾಡಿದರೆ ರೀ ಅವರನ್ನು ಬಂಧನದಲ್ಲಿಟ್ಟು, ವಿಶ್ವಸಂಸ್ಥೆಯ ಹೆಸರಿನಲ್ಲಿ ಸೇನಾಡಳಿತವನ್ನು ಸ್ಥಾಪಿಸುವ ಗುಪ್ತ ಯೋಜನೆಯೊಂದನ್ನು ಅಮೆರಿಕದ ಎಂಟನೆಯ ಸೇನೆಯು ಸಿದ್ಧಪಡಿಸಿತ್ತು. ‘ಎವರ್‌ರೆಡಿ’ ಎಂಬುದು ಅದರ ಸಂಕೇತನಾಮ. ಹಲವು ವರ್ಷಗಳ ನಂತರ ರಹಸ್ಯ ಕಡತಗಳು ತೆರೆದಾಗಲೇ ಜಗತ್ತಿಗೆ ಇದರ ಅರಿವಾಯಿತು. ಎರಡನೆಯದು ಭರವಸೆಯ ಮಾರ್ಗ: ಕದನವಿರಾಮದ ನಂತರವೂ ನಿಮ್ಮನ್ನು ಬಿಟ್ಟು ಹೋಗುವುದಿಲ್ಲವೆಂದು ಬರೆದುಕೊಡುವುದು. ವಾಷಿಂಗ್ಟನ್ನಿನಲ್ಲಿ ಎರಡನ್ನೂ ತೂಗಿ ನೋಡಿದರು. ಯುದ್ಧಭೂಮಿಯ ಮೂರರಲ್ಲಿ ಸುಮಾರು ಎರಡು ಪಾಲನ್ನು ಹಿಡಿದು ನಿಂತಿದ್ದುದು ದಕ್ಷಿಣ ಕೊರಿಯಾದ ಸೈನ್ಯವೇ. ಆ ಸೈನ್ಯದ ನಾಯಕನನ್ನು ಸೆರೆಹಿಡಿದು, ಅದೇ ಸೈನ್ಯದಿಂದ ಗಡಿ ಕಾಯಿಸಿಕೊಳ್ಳುವುದು ಹೇಗೆ? ಕೊನೆಗೆ ಭರವಸೆಯ ಮಾರ್ಗವೇ ಗೆದ್ದಿತು. ಜೂನ್ 6ರಂದು ಐಸೆನ್‌ಹೋವರ್ ಅವರು ರೀ ಅವರಿಗೆ ಪತ್ರ ಬರೆದು, ಕದನವಿರಾಮವನ್ನು ಒಪ್ಪಿಕೊಂಡರೆ ಪರಸ್ಪರ ರಕ್ಷಣಾ ಒಪ್ಪಂದದ ಮಾತುಕತೆಗೆ ತಾವು ಸಿದ್ಧರೆಂದೂ, ಕೊರಿಯಾದ ಏಕೀಕರಣಕ್ಕಾಗಿ ಶಾಂತಿಯ ದಾರಿಯಲ್ಲಿ ಶ್ರಮಿಸುವೆವೆಂದೂ ತಿಳಿಸಿದರು. ವಾಷಿಂಗ್ಟನ್ನಿಗೆ ಬರಬೇಕೆಂಬ ಆಹ್ವಾನವೂ ಹೋಯಿತು. ಇಂತಹ ಸಮಯದಲ್ಲಿ ದೇಶ ಬಿಟ್ಟು ಬರಲಾರೆನೆಂದು ರೀ ಅವರು ನಿರಾಕರಿಸಿದರು.

ಜೂನ್ 18ರ ಬೆಳಗಿನ ಜಾವ ಸಿಡಿಲೆರಗಿತು. ರೀ ಅವರ ಗುಪ್ತ ಆಜ್ಞೆಯಂತೆ, ದಕ್ಷಿಣ ಕೊರಿಯಾದ ಕಾವಲುಗಾರರು ಪೂಸಾನ್, ಮಸಾನ್, ನೋನ್‌ಸಾನ್ ಮೊದಲಾದ ಕಡೆಗಳ ಬಂದೀಖಾನೆಗಳ ಬಾಗಿಲನ್ನು ತೆರೆದುಬಿಟ್ಟರು. ಉತ್ತರಕ್ಕೆ ಮರಳಲು ಒಲ್ಲದ ಸುಮಾರು 27 ಸಾವಿರ ಕೈದಿಗಳು ಒಮ್ಮೆಲೇ ಊರುಕೇರಿಗಳಲ್ಲಿ ಕರಗಿಹೋದರು. ತಟಸ್ಥ ಆಯೋಗಕ್ಕೆ ಒಪ್ಪಿಸಬೇಕೆಂದು ಹತ್ತು ದಿನಗಳ ಹಿಂದಷ್ಟೇ ಮಾತಾಗಿದ್ದುದು ಈ ಕೈದಿಗಳ ವಿಷಯದಲ್ಲಿಯೇ. ‘ದಕ್ಷಿಣ ಕೊರಿಯಾದ ಸರಕಾರವನ್ನು ಹಿಡಿತದಲ್ಲಿಡುವ ಶಕ್ತಿ ನಿಮಗಿದೆಯೇ? ನೀವು ಮಾಡುವ ಕರಾರಿಗೆ ರೀ ಅವರು ಬದ್ಧರೇ?’ ಎಂಬ ಅರ್ಥದ ಪ್ರಶ್ನೆಗಳನ್ನು ಎದುರು ಪಕ್ಷವು ವಿಶ್ವಸಂಸ್ಥೆಯ ಸೇನಾಪತಿ ಮಾರ್ಕ್ ಕ್ಲಾರ್ಕ್ ಅವರ ಮುಂದಿಟ್ಟಿತು. ಅದಕ್ಕೆ ಉತ್ತರವು ಸಿಯೋಲಿನಲ್ಲಿಯೇ ಸಿಗಬೇಕಾಗಿತ್ತು.

ಹದಿನೆಂಟು ದಿನಗಳ ಸಂಧಾನ

ಯುದ್ಧಕ್ಕೆ ಮೂರು ವರ್ಷ ತುಂಬಿದ ದಿನವೇ, ಅಂದರೆ 1953ರ ಜೂನ್ 25ರಂದು, ಅಮೆರಿಕದ ವಿದೇಶಾಂಗ ಇಲಾಖೆಯ ಸಹಾಯಕ ಕಾರ್ಯದರ್ಶಿ ವಾಲ್ಟರ್ ರಾಬರ್ಟ್‌ಸನ್ ಅವರು ಸಿಯೋಲಿಗೆ ಬಂದಿಳಿದರು. ವರ್ಜೀನಿಯಾ ರಾಜ್ಯದವರಾದ ಇವರು ಮೊದಲು ಬ್ಯಾಂಕಿನ ವ್ಯವಹಾರದಲ್ಲಿದ್ದವರು. ಜುಲೈ 12ರವರೆಗೆ ಇವರಿಗೂ ರೀ ಅವರಿಗೂ ಮೇಲಿಂದ ಮೇಲೆ ಭೇಟಿ ನಡೆಯಿತು. ಪನ್‌ಮುಂಜೊಮಿನಲ್ಲಿ ನಡೆಯುತ್ತಿದ್ದುದು ದೊಡ್ಡ ಸಂಧಾನವಾದರೆ, ಇದನ್ನು ‘ಸಣ್ಣ ಸಂಧಾನ’ವೆಂದು ಪತ್ರಿಕೆಗಳು ಕರೆದವು. ನಮ್ಮ ದೃಷ್ಟಿಯಲ್ಲಿ ಇದೇನೂ ಸಣ್ಣದಲ್ಲ.

ರೀ ಅವರ ಬೇಡಿಕೆಗಳು ಬಗೆಬಗೆಯಾಗಿದ್ದವು. ರಕ್ಷಣಾ ಒಪ್ಪಂದವು ಕದನವಿರಾಮಕ್ಕೆ ಮೊದಲೇ ಆಗಬೇಕು. ಚೀನದ ಸೈನ್ಯ ಹಿಂದೆ ಸರಿಯಬೇಕು. ಮುಂದಿನ ರಾಜಕೀಯ ಸಮ್ಮೇಳನವು ಕಾಲಮಿತಿಯೊಳಗೆ ಮುಗಿಯದಿದ್ದರೆ ಯುದ್ಧವನ್ನು ಮತ್ತೆ ಆರಂಭಿಸಬೇಕು. ರಾಬರ್ಟ್‌ಸನ್ ಅವರು ವೃದ್ಧ ಅಧ್ಯಕ್ಷರ ಅಹವಾಲನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆದರೆ ತನ್ನಿಂದ ಆಗದ್ದನ್ನು ಆಗುವುದೆಂದು ಹೇಳಲಿಲ್ಲ. ಅಮೆರಿಕದಲ್ಲಿ ಇಂತಹ ಒಪ್ಪಂದಕ್ಕೆ ಸೆನೆಟ್ ಸಭೆಯ ಸಮ್ಮತಿ ಬೇಕು. ಅದು ಅಧ್ಯಕ್ಷರೊಬ್ಬರ ಕೈಯಲ್ಲಿರುವ ಮಾತಲ್ಲ. ಆದರೆ ಸೆನೆಟಿನ ಮುಖಂಡರ ಒಲವು ಒಪ್ಪಂದದ ಕಡೆಗಿದೆ ಎಂದು ವಿವರಿಸಿದರು. ಯುದ್ಧವನ್ನು ಪುನಃ ಆರಂಭಿಸುವ ಮಾತನ್ನು ಕೊಡಲು ಸಾಧ್ಯವಿಲ್ಲವೆಂದೂ ಸ್ಪಷ್ಟಪಡಿಸಿದರು.

ಬದಲಿಗೆ ಕೊಡಬಹುದಾದುದನ್ನು ಪಟ್ಟಿಮಾಡಿ ಕೊಟ್ಟರು. ಕದನವಿರಾಮದ ನಂತರ ರಕ್ಷಣಾ ಒಪ್ಪಂದ. ದೀರ್ಘಕಾಲದ ಆರ್ಥಿಕ ಸಹಾಯ ಮತ್ತು ಅದರ ಮೊದಲ ಕಂತಾಗಿ 20 ಕೋಟಿ ಡಾಲರ್. ದಕ್ಷಿಣ ಕೊರಿಯಾದ ಭೂಸೇನೆಯನ್ನು ಸುಮಾರು 20 ಡಿವಿಜನ್‌ಗಳಿಗೆ ಬೆಳೆಸಲು ನೆರವು. ರಾಜಕೀಯ ಸಮ್ಮೇಳನಕ್ಕೆ ಮೊದಲು ಇಬ್ಬರೂ ಕುಳಿತು ಸಮಾಲೋಚನೆ. ಸಮ್ಮೇಳನವು 90 ದಿನಗಳಲ್ಲಿ ಫಲ ಕೊಡದಿದ್ದರೆ ಇಬ್ಬರೂ ಅದರಿಂದ ಹೊರಬರುವುದು.

ಇಷ್ಟಾದರೂ ರೀ ಅವರು ಕದನವಿರಾಮಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಈ ಸಂಧಾನದ ಮರ್ಮವಿರುವುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. ರಾಬರ್ಟ್‌ಸನ್ ಅವರು ಸಹಿಗಾಗಿ ಪಟ್ಟುಹಿಡಿದು ಕೂರಲಿಲ್ಲ. ಸಹಿ ಬೇಡ, ಅಡ್ಡಿಮಾಡದಿದ್ದರೆ ಸಾಕು ಎಂಬಲ್ಲಿಗೆ ಮಾತನ್ನು ತಂದು ನಿಲ್ಲಿಸಿದರು. ಜುಲೈ 9ರ ಪತ್ರದಲ್ಲಿ ರೀ ಅವರು ಅಷ್ಟಕ್ಕೆ ಮಾತುಕೊಟ್ಟರು: ಸಹಿ ಮಾಡಲಾರೆವು, ಆದರೆ ನಮ್ಮ ರಾಷ್ಟ್ರದ ಉಳಿವಿಗೆ ಧಕ್ಕೆ ಬಾರದಿರುವವರೆಗೆ ಅಡ್ಡಿಯನ್ನೂ ಮಾಡೆವು. ಜೀವಮಾನವಿಡೀ ಅಖಂಡ ಕೊರಿಯಾದ ಹೆಸರಿನಲ್ಲಿ ಹೋರಾಡಿದವನ ಕೈಯಿಂದ, ಆ ನಾಡಿನ ವಿಭಜನೆಯ ಕಾಗದಕ್ಕೆ ಸಹಿ ಹಾಕಿಸುವುದು ಬೇರೆ. ಆ ಕಾಗದವನ್ನು ಹರಿಯದಂತೆ ಅವನನ್ನು ತಡೆಯುವುದು ಬೇರೆ. ಮೊದಲನೆಯದು ಮಾನದ ಪ್ರಶ್ನೆ, ಎರಡನೆಯದು ಲೋಕವ್ಯವಹಾರ. ಈ ಎರಡನ್ನೂ ಬೇರ್ಪಡಿಸಿ ನೋಡಿದುದರಿಂದಲೇ ಕಾರ್ಯ ಸಾಧಿಸಿತು.

ಆದರೆ ತಡವಾದ ಒಂದೊಂದು ದಿನಕ್ಕೂ ಬೆಲೆ ತೆರಬೇಕಾಯಿತು. ಜುಲೈ 13ರಂದು ಚೀನದ ಸೈನ್ಯವು ಕುಮ್‌ಸಾಂಗ್ ಎಂಬಲ್ಲಿ, ಬೇಕೆಂದೇ ದಕ್ಷಿಣ ಕೊರಿಯಾದ ತುಕಡಿಗಳ ಮೇಲೆ, ಭಾರಿ ದಾಳಿ ನಡೆಸಿತು. ಒಂಟಿಯಾಗಿ ಉತ್ತರಕ್ಕೆ ನುಗ್ಗುವೆನೆಂದವನಿಗೆ ಅವನ ಶಕ್ತಿಯ ಮಿತಿಯನ್ನು ತೋರಿಸುವುದೂ ಆ ದಾಳಿಯ ಉದ್ದೇಶವಾಗಿತ್ತು. ಎರಡೂ ಕಡೆ ಸಾವಿರಾರು ತರುಣರು ಮಡಿದರು. ಒಪ್ಪಂದದ ಅಕ್ಷರಗಳೆಲ್ಲ ಸಿದ್ಧವಾಗಿದ್ದ ಮೇಲೆ ಸತ್ತವರು ಅವರು. ಹಟ ಹಿಡಿದವರೂ, ಪಾಠ ಕಲಿಸ ಹೊರಟವರೂ ಈ ಲೆಕ್ಕಕ್ಕೆ ಸಮಾನ ಹೊಣೆಗಾರರು.

1953ರ ಜುಲೈ 27ರ ಬೆಳಗ್ಗೆ 10 ಗಂಟೆಗೆ ಪನ್‌ಮುಂಜೊಮಿನಲ್ಲಿ ಅಮೆರಿಕದ ಜನರಲ್ ವಿಲಿಯಂ ಹ್ಯಾರಿಸನ್ ಮತ್ತು ಉತ್ತರ ಕೊರಿಯಾದ ಜನರಲ್ ನಾಮ್ ಇಲ್ ಅವರು ಒಪ್ಪಂದದ ಪ್ರತಿಗಳಿಗೆ ಸಹಿ ಹಾಕಿದರು. ಇಬ್ಬರೂ ಒಂದು ಮಾತನಾಡಲಿಲ್ಲ, ಕೈಕುಲುಕಲಿಲ್ಲ. ಆ ರಾತ್ರಿ 10 ಗಂಟೆಗೆ ಗುಂಡಿನ ಸದ್ದು ನಿಂತಿತು. ದಕ್ಷಿಣ ಕೊರಿಯಾದ ಸಹಿ ಆ ಕಾಗದದಲ್ಲಿ ಇಲ್ಲ.

ಅಮೆರಿಕವು ತನ್ನ ಮಾತನ್ನು ಉಳಿಸಿಕೊಂಡಿತು. ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಅವರು ತಾವೇ ಸಿಯೋಲಿಗೆ ಬಂದರು. ರಕ್ಷಣಾ ಒಪ್ಪಂದಕ್ಕೆ ಅಕ್ಟೋಬರ್ 1ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾಯಿತು. 1954ರ ನವೆಂಬರ್ 17ರಂದು ಅದು ಜಾರಿಗೆ ಬಂದಿತು. ಈ ಒಪ್ಪಂದಕ್ಕೆ ಎರಡು ಅಲಗುಗಳಿದ್ದವೆಂಬುದನ್ನು ಗಮನಿಸಬೇಕು. ಹೊರಗಿನವರು ದಾಳಿಮಾಡಿದರೆ ಅಮೆರಿಕ ನೆರವಿಗೆ ಬರುವುದು. ಆದರೆ ದಕ್ಷಿಣವೇ ಯುದ್ಧಕ್ಕೆ ಹೊರಟರೆ ಆ ಹೊಣೆ ಅಮೆರಿಕದ್ದಲ್ಲ. ದಕ್ಷಿಣ ಕೊರಿಯಾದ ಸೈನ್ಯವು ವಿಶ್ವಸಂಸ್ಥೆಯ ಸೇನಾಪತಿಯ ಆಜ್ಞೆಯಲ್ಲಿಯೇ ಮುಂದುವರಿಯಬೇಕೆಂದೂ ಗೊತ್ತಾಯಿತು. ಮಿತ್ರನಿಗೆ ಕೊಟ್ಟ ಆಸರೆಯ ಕೈಯೇ ಅವನನ್ನು ಹಿಡಿದು ನಿಲ್ಲಿಸುವ ಕೈಯೂ ಆಯಿತು.

ಕೊಡಗಿನ ದಳಪತಿ, ಭಾರತದ ಪಡೆ

ಇಲ್ಲಿಗೆ ಕಥೆ ಮುಗಿಯಲಿಲ್ಲ. ಮರಳಲು ಒಲ್ಲದೆ ಉಳಿದಿದ್ದ ಕೈದಿಗಳ ಗತಿ ಏನು? ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯ ಎಂಬ ಐದು ದೇಶಗಳ ತಟಸ್ಥ ಆಯೋಗವು ರಚನೆಯಾಯಿತು. ಅದರ ಅಧ್ಯಕ್ಷಪದವಿಯು ಭಾರತಕ್ಕೆ ಬಂದಿತು. ಆ ಸ್ಥಾನದಲ್ಲಿ ಕುಳಿತವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. ಕೈದಿಗಳನ್ನು ಕಾಯುವ ಸುಮಾರು ಆರು ಸಾವಿರ ಮಂದಿಯ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರು ದಳಪತಿಗಳು.

ರೀ ಅವರಿಗೆ ಭಾರತದ ಮೇಲೆ ವಿಶ್ವಾಸವಿರಲಿಲ್ಲ. ಕಮ್ಯುನಿಸ್ಟ್ ಚೀನಕ್ಕೆ ಮನ್ನಣೆ ಕೊಟ್ಟ ದೇಶ, ಎರಡೂ ಕಡೆಗೆ ಮಾತನಾಡುವ ದೇಶ ಎಂಬುದು ಅವರ ಆಕ್ಷೇಪ. ಭಾರತದ ಸೈನಿಕನೊಬ್ಬನೂ ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಇದೇ ಭಾರತದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಪಡೆಯು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಮುಂದಾಳುತನದಲ್ಲಿ 1950ರ ಕೊನೆಯಿಂದಲೇ ಅದೇ ನೆಲದಲ್ಲಿ ಗಾಯಾಳುಗಳ ಸೇವೆ ಮಾಡುತ್ತಿತ್ತೆಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ.

ಇಲ್ಲಿಯೂ ಹಟಕ್ಕೆ ಹಟ ಹೂಡದೆ ದಾರಿ ಹುಡುಕಲಾಯಿತು. ಕೈದಿಗಳನ್ನು ದಕ್ಷಿಣದ ಬಂದೀಖಾನೆಗಳಲ್ಲಿಡುವ ಬದಲು, ಎರಡೂ ಸೈನ್ಯಗಳ ನಡುವೆ ಬಿಟ್ಟ ನಾಲ್ಕು ಕಿಲೋಮೀಟರ್ ಅಗಲದ ನಿಸ್ಸೇನಾವಲಯಕ್ಕೇ ಸಾಗಿಸುವುದೆಂದು ತೀರ್ಮಾನವಾಯಿತು. ಭಾರತದ ಪಡೆಯು ಇಂಚಾನ್ ಬಂದರಿಗೆ ಬಂದಾಗ, ಸೈನಿಕರನ್ನು ದಡದಲ್ಲಿ ಇಳಿಸದೆ, ಸಮುದ್ರದಿಂದಲೇ ಹೆಲಿಕಾಪ್ಟರುಗಳಲ್ಲಿ ಏರಿಸಿ ನೇರವಾಗಿ ನಿಸ್ಸೇನಾವಲಯದಲ್ಲಿ ಇಳಿಸಲಾಯಿತು. ತಂಡ ತಂಡವಾಗಿ ಸಾವಿರಾರು ಮಂದಿ ಹೀಗೆ ಗಾಳಿಯಲ್ಲಿಯೇ ಸಾಗಿದರು. ರೀ ಅವರ ಮಾತೂ ಉಳಿಯಿತು, ಕೆಲಸವೂ ನಡೆಯಿತು. ಅಲ್ಲಿ ಎದ್ದ ಶಿಬಿರಕ್ಕೆ ‘ಹಿಂದ್ ನಗರ’ವೆಂದು ಹೆಸರಾಯಿತು.

22,600ರಷ್ಟು ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳು, ಎದುರು ಪಕ್ಷದಿಂದ ಬಂದ 350ಕ್ಕೂ ಹೆಚ್ಚು ಕೈದಿಗಳು ಭಾರತೀಯರ ವಶಕ್ಕೆ ಬಂದರು. ಕಾವಲು ಸುಲಭವಾಗಿರಲಿಲ್ಲ. ಕೈದಿಗಳ ಗುಂಪುಗಳು ಕಲ್ಲು ತೂರಿದವು. ಗುಂಡು ಹಾರಿಸಬೇಕಾದ, ಕೈದಿಗಳು ಸತ್ತ ದುರದೃಷ್ಟದ ಪ್ರಸಂಗಗಳೂ ಒದಗಿದವು. 1953ರ ಸೆಪ್ಟೆಂಬರಿನಲ್ಲಿ ಭಾರತೀಯ ಅಧಿಕಾರಿಯೊಬ್ಬರನ್ನು ಕೈದಿಗಳು ತಮ್ಮ ಆವರಣದೊಳಗೆ ಎಳೆದೊಯ್ದಾಗ, ಥೋರಟ್ ಅವರು ಆಯುಧವಿಲ್ಲದೆ ಒಳಹೊಕ್ಕು, ಮಾತಿನ ಬಲದಿಂದಲೇ ಅವರನ್ನು ಬಿಡಿಸಿ ತಂದರು. ಆಯೋಗದ ಐವರಲ್ಲಿ ಇಬ್ಬರು ಒಂದು ಕಡೆ ವಾಲಿದರೆ ಇಬ್ಬರು ಇನ್ನೊಂದು ಕಡೆ. ನಡುವಿನ ತಕ್ಕಡಿಯ ಮುಳ್ಳಾಗಿ ನಿಲ್ಲಬೇಕಾದವರು ತಿಮ್ಮಯ್ಯನವರು. ಅವರನ್ನು ಎರಡೂ ಕಡೆಯವರು ಬೈದರು. ತಕ್ಕಡಿ ಹಿಡಿದವನಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ತಿಂಗಳುಗಟ್ಟಲೆ ವಿಚಾರಿಸಿದ ಮೇಲೆ, ತವರಿಗೆ ಮರಳಲು ಒಪ್ಪಿದ ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳು ಆರುನೂರಕ್ಕೆ ತುಸು ಮೇಲೆ ಮಾತ್ರ. ಎದುರು ಪಕ್ಷದಿಂದ ಬಂದವರಲ್ಲಿ 21 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ತಮ್ಮ ದೇಶಕ್ಕೆ ಮರಳಲಿಲ್ಲ. ಎರಡೂ ಕೊರಿಯಗಳನ್ನು ಒಲ್ಲದ ಎಂಬತ್ತಕ್ಕೂ ಹೆಚ್ಚು ಮಂದಿ 1954ರ ಆರಂಭದಲ್ಲಿ ಭಾರತದ ಸೈನಿಕರೊಡನೆ ಹಡಗು ಹತ್ತಿ ಮದರಾಸಿಗೆ ಬಂದಿಳಿದರು. ಅವರಲ್ಲಿ ಹೆಚ್ಚಿನವರು ಮುಂದೆ ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗಿ ನೆಲಸಿದರು.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗ, 1965ರ ಡಿಸೆಂಬರಿನಲ್ಲಿ, ಅಲ್ಲಿಯೇ ನಿಧನ ಹೊಂದಿದರು. ರೀ ಅವರನ್ನು 1960ರ ಏಪ್ರಿಲಿನ ವಿದ್ಯಾರ್ಥಿಗಳ ದಂಗೆಯು ಅಧಿಕಾರದಿಂದ ಇಳಿಸಿತು. ಅವರು ಹವಾಯಿಗೆ ತೆರಳಿ 1965ರ ಜುಲೈಯಲ್ಲಿ ಅಲ್ಲಿ ತೀರಿಕೊಂಡರು.

ಉಳಿದ ಗೆರೆ, ಉಳಿದ ಪಾಠ

ಕದನವಿರಾಮವು ಶಾಂತಿಯಾಗಿ ಮಾರ್ಪಡಲಿಲ್ಲ. 1954ರ ಜಿನೀವಾ ಸಮ್ಮೇಳನವು ಫಲವಿಲ್ಲದೆ ಮುಗಿಯಿತು. ಎಪ್ಪತ್ತು ವರ್ಷಗಳು ಕಳೆದರೂ ಕೊರಿಯಾದಲ್ಲಿ ಶಾಂತಿಯ ಒಪ್ಪಂದವಾಗಿಲ್ಲ. ಸುಮಾರು 240 ಕಿಲೋಮೀಟರ್ ಉದ್ದದ ಮುಳ್ಳುತಂತಿಯ ಗೆರೆ ಹಾಗೆಯೇ ಇದೆ. ಗಡಿಯಲ್ಲಿ ಬಾಳುವ ನಮಗೆ ಗೆರೆಗಳ ನೋವು ತಿಳಿಯದ್ದಲ್ಲ. ಆದರೆ 1956ರಲ್ಲಿ ನಮ್ಮ ಪಾಲಿಗೆ ಬಂದ ಗೆರೆಯನ್ನು ದಾಟಿ ನಾವು ಇಂದಿಗೂ ಮದುವೆಗೆ, ಮುಂಜಿಗೆ, ಆಸ್ಪತ್ರೆಗೆ, ಕಾಲೇಜಿಗೆ ತಲಪಾಡಿಯಾಚೆಗೆ ಬಸ್ಸು ಹತ್ತಿ ಹೋಗಿಬರುತ್ತೇವೆ. ಕೊರಿಯಾದ ತಾಯಿಗೆ ಆಚೆಯ ಮಗನಿಗೊಂದು ಕಾಗದ ಬರೆಯುವ ದಾರಿಯೂ ಇರಲಿಲ್ಲ. ಆ ದೃಷ್ಟಿಯಿಂದ ನೋಡಿದರೆ, ರೀ ಅವರು ಹೆದರಿದ ವಿಭಜನೆ ನಿಜವೇ ಆಯಿತು. ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಮೂರು ವರ್ಷಗಳ ಆ ಯುದ್ಧದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಅಂದಾಜು. ಅಂದು ನಿಂತ ಗುಂಡಿನ ಮಳೆ ಮತ್ತೆ ಆ ಪ್ರಮಾಣದಲ್ಲಿ ಸುರಿದಿಲ್ಲ. ಆ ಬಿಡುವಿನಲ್ಲಿಯೇ ದಕ್ಷಿಣ ಕೊರಿಯವು ಬೂದಿಯಿಂದೆದ್ದು ಕಾರ್ಖಾನೆಗಳನ್ನೂ ಶಾಲೆಗಳನ್ನೂ ಕಟ್ಟಿಕೊಂಡಿತು. 1980ರ ದಶಕದ ಕೊನೆಗೆ ನಿಜವಾದ ಪ್ರಜಾಪ್ರಭುತ್ವವನ್ನೂ ಗಳಿಸಿಕೊಂಡಿತು. ಅಪೂರ್ಣವಾದ ಕದನವಿರಾಮವೂ ಒಂದು ಪೀಳಿಗೆಗೆ ಬದುಕುವ ಅವಕಾಶವನ್ನು ಕೊಡಬಲ್ಲುದು.

ಮನೆಯಲ್ಲಾಗಲಿ, ಊರಿನಲ್ಲಾಗಲಿ, ರಾಷ್ಟ್ರಗಳ ನಡುವೆಯಾಗಲಿ, ಒಪ್ಪದೆ ನಿಂತವನನ್ನು ‘ಹಟಮಾರಿ’ ಎಂದು ಕರೆದು ಮುಗಿಸುವುದು ಸುಲಭ. ಅವನ ಹಟದ ಕೆಳಗೆ ಯಾವ ಭಯವಿದೆ, ಹಿಂದೆ ಯಾರು ಅವನನ್ನು ನಡುನೀರಿನಲ್ಲಿ ಕೈಬಿಟ್ಟಿದ್ದರು ಎಂದು ವಿಚಾರಿಸುವವನೇ ನಿಜವಾದ ಸಂಧಾನಕಾರ. ಆ ಭಯಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ಮುಂದೆ ಉಳಿಸಿಕೊಳ್ಳಬಲ್ಲ ಮಾತನ್ನೇ ಬರೆದುಕೊಡಬೇಕು. ಉಳಿಸಿಕೊಳ್ಳಲಾರದ್ದನ್ನು ಆಡಬಾರದು. ಅವನ ಮಾನಕ್ಕೆ ಕುಂದು ತರುವ ಸಹಿಯನ್ನು ಕೇಳದೆ, ಕಾರ್ಯಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಬೇಕು. 1953ರ ಬೇಸಗೆಯಲ್ಲಿ ಸಿಯೋಲಿನಲ್ಲಿ ನಡೆದುದು ಇಷ್ಟೇ. ಇದು ಇನ್ನೂ ಮೊದಲೇ ನಡೆದಿದ್ದರೆ ಕುಮ್‌ಸಾಂಗಿನ ಗುಡ್ಡಗಳಲ್ಲಿ ಮಲಗಿದ ಆ ತರುಣರು ಮನೆಗೆ ಮರಳುತ್ತಿದ್ದರು.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಬಾಳಿದ ‘ಸನ್ನಿ ಸೈಡ್’ ಮನೆಯು 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸುಳ್ಯದ ದಾರಿಯಾಗಿ ಘಟ್ಟ ಹತ್ತಿ ಕೊಡಗಿನ ಪ್ರವಾಸಕ್ಕೆ ಹೋಗುವ ನಮ್ಮ ಶಾಲೆಗಳ ಮಕ್ಕಳು ರಾಜಾಸೀಟನ್ನೂ ಅಬ್ಬಿ ಜಲಪಾತವನ್ನೂ ನೋಡಿ ಬರುತ್ತಾರೆ. ಅಧ್ಯಾಪಕ ಬಂಧುಗಳು ಅವರನ್ನು ಆ ಮನೆಗೂ ಒಂದು ಗಳಿಗೆ ಕರೆದೊಯ್ಯಲಿ. ಯುದ್ಧ ಗೆದ್ದ ವೀರರ ಕಥೆಯ ಜೊತೆಗೆ, ಯುದ್ಧ ನಿಂತ ಮೇಲೆ ಎರಡೂ ಕಡೆಯ ಬೈಗುಳವನ್ನು ತಾಳಿಕೊಂಡು ತಕ್ಕಡಿಯನ್ನು ನೇರವಾಗಿ ಹಿಡಿದ ವೀರನ ಕಥೆಯನ್ನೂ ಹೇಳಲಿ.